ಕಾಯಿಸಬಾರದ ಹಾಲು

ಹಾಲು ಮನೆಗೆ ಬಂದರೆ ಮೊದಲು ಒಲೆಯ ಮೇಲಿಟ್ಟು ಒಂದು ಉಕ್ಕು ಬರಿಸಬೇಕು. ನಂದಿನಿ ಪ್ಯಾಕೆಟ್ಟಿನದಾಗಲಿ, ಕೊಟ್ಟಿಗೆಯ ಎಮ್ಮೆಯದಾಗಲಿ, ತುಮಕೂರು ಸೀಮೆಯ ಅಡುಗೆಮನೆಗಳಲ್ಲಿ ಈ ನಿಯಮಕ್ಕೆ ರಿಯಾಯಿತಿ ಇರಲಿಲ್ಲ. ಈಗ ಅದೇ ಅಡುಗೆಮನೆಯ ಫ್ರಿಜ್ಜಿನಲ್ಲಿ ಇನ್ನೊಂದು ಹಾಲು ಬಂದು ಕೂತಿದೆ. ಅಂಗೈಯಗಲದ ಡಬ್ಬಿ, ಮೇಲೆ ತಾರೀಖು ಬರೆದ ಚೀಟಿ. ಅದನ್ನು ಕಾಯಿಸುವಂತಿಲ್ಲ. ಕೆಲಸಕ್ಕೆ ಹೋಗುವ ತಾಯಿ ಹಿಂಡಿಟ್ಟ ಎದೆಹಾಲು ಅದು. ಕುಡಿಸುವವರು ಅಜ್ಜಿಯೋ, ಮಗು ನೋಡಿಕೊಳ್ಳಲು ಬರುವ ಹೆಂಗಸೋ.

ಎದೆಹಾಲು ಹಿಂಡುವುದೇನೂ ಹೊಸದಲ್ಲ. ಬಾಣಂತಿಗೆ ಎದೆ ಕಟ್ಟಿದಾಗ ಬಿಸಿನೀರಿನ ಶಾಖ ಕೊಟ್ಟು ಹಿಂಡಿ ತೆಗೆಯುತ್ತಿದ್ದರು. ಹಲವು ಮನೆಗಳಲ್ಲಿ ಆ ಹಾಲನ್ನು ಯಾರೂ ತುಳಿಯದ ಜಾಗ ನೋಡಿ ಗಿಡದ ಬುಡಕ್ಕೆ ಹಾಕುತ್ತಿದ್ದರು. ಎದೆ ಚೀಪಲು ಶಕ್ತಿಯಿಲ್ಲದ ಕೂಸಿಗೆ ಒಳಲೆಯಲ್ಲಿ ಹುಯ್ಯುತ್ತಿದ್ದುದೂ ಉಂಟು. ಆದರೆ ಎತ್ತಿಟ್ಟು, ಹೊತ್ತು ಕಳೆದ ಮೇಲೆ ಕುಡಿಸುವ ಪದ್ಧತಿ ಇರಲಿಲ್ಲ. ಅದು ಬರಲು ದೂರದ ಕೆಲಸ, ಪಂಪ್, ಫ್ರಿಜ್ ಮೂರೂ ಒಂದೇ ಮನೆಯಲ್ಲಿ ಸೇರಬೇಕಾಯಿತು.

ಮೊದಲು ಬಂದದ್ದು ದೂರ. ತುಮಕೂರಿನಿಂದ ಬೆಂಗಳೂರು ಸುಮಾರು 70 ಕಿ.ಮೀ. ಬೆಳಗಿನ ರೈಲು ಹಿಡಿದು ಹೋಗಿ ಕತ್ತಲಾದ ಮೇಲೆ ಮನೆ ಸೇರುವ ನೌಕರರ ಊರು ಇದು. ಬೆಂಗಳೂರು–ಹಾಸನ ಮಾರ್ಗ 2017ರಲ್ಲಿ ಪೂರ್ತಿಯಾದಾಗ ಕುಣಿಗಲ್ ಕೂಡ ರೈಲಿನ ಊರಾಯಿತು. ಇತ್ತ ತುಮಕೂರಿನ ಪಕ್ಕದಲ್ಲಿ ವಸಂತನರಸಾಪುರ, ಕುಣಿಗಲ್ ಬಳಿ ಅಂಚೇಪಾಳ್ಯದ ಕೈಗಾರಿಕಾ ಪ್ರದೇಶಗಳು ಬೆಳೆದವು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿತು. ಕೆಲಸ ಹತ್ತಿರವಾಯಿತೋ ಇಲ್ಲವೋ, ಕೂಸಿನಿಂದ ತಾಯಿ ದೂರವಿರುವ ಹೊತ್ತಂತೂ ಬೆಳೆಯಿತು.

ಕಾನೂನು ಈ ದೂರವನ್ನು ಸ್ವಲ್ಪ ಮುಂದೂಡಿತು. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ 12 ವಾರವಿದ್ದ ವೇತನಸಹಿತ ರಜೆ 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರವಾಯಿತು. ವಿಶ್ವ ಆರೋಗ್ಯ ಸಂಸ್ಥೆ 2001ರಿಂದ ಹೇಳುತ್ತಿರುವುದೂ ಆರು ತಿಂಗಳು ಬರೀ ಎದೆಹಾಲು ಎಂದೇ. ಲೆಕ್ಕ ಸರಿಹೋಯಿತು ಅನ್ನಿಸುತ್ತದೆ. ಆದರೆ ಆ 26 ವಾರಗಳಲ್ಲಿ 8 ವಾರದವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಹೊಟ್ಟೆ ಹೊತ್ತು ರೈಲು ಹತ್ತಲಾಗದೆ ಮುಂಚೆಯೇ ರಜೆ ಹಾಕಿದವಳು ಮಗುವಿಗೆ ನಾಲ್ಕು ತಿಂಗಳು ತುಂಬುತ್ತಲೇ ವಾಪಸಾಗಬೇಕು. ಹತ್ತು ಜನರೂ ಇಲ್ಲದ ಅಂಗಡಿ, ಆಫೀಸುಗಳಲ್ಲಿ ದುಡಿಯುವವರಿಗೆ ಈ ಕಾಯ್ದೆಯ ಆಸರೆಯೇ ಇರಲಿಲ್ಲ. ಉಳಿದ ತಿಂಗಳುಗಳ ಹಾಲು ಡಬ್ಬಿಗೆ ಬಂತು.

ಪಂಪ್ ಇದಕ್ಕಿಂತ ಬಹಳ ಹಳೆಯದು. ಅಮೆರಿಕದ ಓರ್ವೆಲ್ ನೀಢಮ್ 1854ರಲ್ಲೇ ಹಾಲು ಹೀರುವ ಪಂಪಿಗೆ ಪೇಟೆಂಟ್ ಪಡೆದಿದ್ದ. ನೋವು ಕಡಿಮೆ ಮಾಡಿ, ಹೀರುವ ಒತ್ತಡವನ್ನು ಅಳೆದು ಹೊಂದಿಸಿದ ಯಂತ್ರವನ್ನು ಸ್ವೀಡನ್ನಿನ ಎಂಜಿನಿಯರ್ ಐನಾರ್ ಎಗ್ನೆಲ್ 1956ರಲ್ಲಿ ರೂಪಿಸಿದ. ಅದು ಆಸ್ಪತ್ರೆಯ ಯಂತ್ರ. ಕೈಚೀಲದಲ್ಲಿ ಹಿಡಿಯುವ ಪಂಪುಗಳು ಬಂದದ್ದು ಆಮೇಲೆ. ನಮ್ಮಲ್ಲಿ ಗೋದ್ರೆಜ್ ಮೊದಲ ದೇಶೀ ಫ್ರಿಜ್ ತಯಾರಿಸಿದ್ದು 1958ರಲ್ಲಿ. ಪೇಟೆಯ ಸಿರಿವಂತರ ಹಜಾರದಲ್ಲಿ ನಿಲ್ಲುತ್ತಿದ್ದ ಆ ಪೆಟ್ಟಿಗೆ ಸಾಲದ ಕಂತಿನಲ್ಲಿ ಸಾಮಾನ್ಯರ ಅಡುಗೆಮನೆ ಸೇರುವ ಹೊತ್ತಿಗೆ ದಶಕಗಳು ಉರುಳಿದ್ದವು.

ಡಬ್ಬಿ ಬಂತು, ತಂಪು ಬಂತು. ಎಷ್ಟು ಹೊತ್ತು ಇಡಬಹುದು ಎಂಬುದು ಮುಂದಿನ ಪ್ರಶ್ನೆ. ಈಗ ಮೊಬೈಲಿನಲ್ಲಿ ಹುಡುಕಿದರೆ ಸಿಗುವ ಅಮೆರಿಕದ ಸೂತ್ರ ಇದು: ಹೊರಗೆ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ, ಫ್ರೀಜರಿನಲ್ಲಿ 6 ತಿಂಗಳು. ಇದರ ಮೊದಲ ಅಂಕಿಯ ಹಿಂದೆ ಮುಖ್ಯವಾಗಿ ಇರುವುದು ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಮಾರ್ಗಿಟ್ ಹಮೋಷ್ ತಂಡ 1996ರಲ್ಲಿ ಪ್ರಕಟಿಸಿದ ಅಧ್ಯಯನ. ಉದ್ಯೋಗಸ್ಥ ತಾಯಂದಿರನ್ನೇ ಮನಸ್ಸಿನಲ್ಲಿಟ್ಟುಕೊಂಡು ಅವರು ಹಾಲನ್ನು ಮೂರು ಉಷ್ಣತೆಗಳಲ್ಲಿ ಇಟ್ಟು ನೋಡಿದರು. 15 ಡಿಗ್ರಿಯಲ್ಲಿ 24 ಗಂಟೆ, 25 ಡಿಗ್ರಿಯಲ್ಲಿ 4 ಗಂಟೆ ಹಾಲು ಸುರಕ್ಷಿತವಾಗಿತ್ತು. 38 ಡಿಗ್ರಿಯಲ್ಲಿ ಇಡಲೇಬಾರದು ಎಂಬುದು ಅವರ ತೀರ್ಮಾನ. ನಾಲ್ಕು ದಿನದ ಅಂಕಿಗೆ ಬಲ ಕೊಟ್ಟದ್ದು 2010ರಲ್ಲಿ ನ್ಯೂಯಾರ್ಕಿನ ವೈದ್ಯರು ಪ್ರಕಟಿಸಿದ ಪರೀಕ್ಷೆ. ನವಜಾತ ಶಿಶುಗಳ ಐಸಿಯುನಲ್ಲಿದ್ದ ಕೂಸುಗಳ ತಾಯಂದಿರ ಹಾಲು 4 ಡಿಗ್ರಿಯಲ್ಲಿ 96 ಗಂಟೆ ಕೆಡದೆ ಉಳಿದಿತ್ತು.

ಹೊರಗೆ 4 ಗಂಟೆ ಅನ್ನುವ ಮಾತು 25 ಡಿಗ್ರಿಯ ಕೋಣೆಗೆ ಸಲ್ಲುವಂಥದ್ದು. ಏಪ್ರಿಲ್‌ನಲ್ಲಿ ತುಮಕೂರಿನ ಮಧ್ಯಾಹ್ನ 35 ಡಿಗ್ರಿ ದಾಟುತ್ತದೆ. ಶೀಟಿನ ಮನೆಯ ಒಳಗೆ ಇನ್ನೂ ಹೆಚ್ಚು. ಅಂಥ ಕಡೆ ಹಾಲನ್ನು ಹಿಂಡಿದ ಕೂಡಲೇ ತಂಪಿಗೆ ಸೇರಿಸುವುದೇ ದಾರಿ. ಫ್ರಿಜ್ಜಿನ ವಿಷಯದಲ್ಲಿ ನಮ್ಮ ಮಕ್ಕಳ ವೈದ್ಯಕೀಯ ಪಠ್ಯಗಳು ಅಮೆರಿಕದ ಸೂತ್ರಕ್ಕಿಂತ ಬಿಗಿ. ಫ್ರಿಜ್ಜಿನಲ್ಲಿ 24 ಗಂಟೆ, ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ 3 ತಿಂಗಳು ಎನ್ನುತ್ತವೆ. ದಿನಕ್ಕೆ ಇಪ್ಪತ್ತು ಸಲ ಬಾಗಿಲು ತೆರೆಯುವ, ಆಗಾಗ ಕರೆಂಟು ಹೋಗುವ ಮನೆಗೆ ಈ ಬಿಗಿಯೇ ವಾಸಿ. ಕರೆಂಟು ಹೋದಾಗ ಬಾಗಿಲು ತೆರೆಯದಿದ್ದರೆ ಫ್ರಿಜ್ಜು ಸುಮಾರು 4 ಗಂಟೆ ತಂಪು ಹಿಡಿದುಕೊಳ್ಳುತ್ತದೆ. ಬೆಂಗಳೂರಿನಲ್ಲಿ ಮಧ್ಯಾಹ್ನ ಹಿಂಡಿದ ಹಾಲನ್ನು ಐಸ್ ಪ್ಯಾಕ್ ತುಂಬಿದ ಚೀಲದಲ್ಲಿಟ್ಟರೆ ಸಂಜೆಯ ರೈಲಿನಲ್ಲಿ ಕುಣಿಗಲ್‌ವರೆಗೂ ಕೆಡದೆ ಬರುತ್ತದೆ.

ಸೂತ್ರವೆಲ್ಲ ತಾಯಿಗೆ ಬಾಯಿಪಾಠ. ಡಬ್ಬಿ ತೆರೆಯುವವರು ಮಾತ್ರ ಬೇರೆ.

ಗುಬ್ಬಿಯ ಒಂದು ಮನೆ ಅಂದುಕೊಳ್ಳಿ. ಸೊಸೆ ರಾತ್ರಿಯೇ ಹಳೆಯ ತಾರೀಖಿನ ಡಬ್ಬಿಯನ್ನು ಫ್ರೀಜರಿನಿಂದ ಕೆಳಗಿನ ಖಾನೆಗೆ ಇಳಿಸಿ ಹೋಗಿದ್ದಾಳೆ. ಬೆಳಗಾಗುವಷ್ಟರಲ್ಲಿ ಕರಗಿದೆ. ಅತ್ತೆ ಮುಚ್ಚಳ ತೆಗೆದು ನೋಡುತ್ತಾರೆ: ಮೇಲೆ ಹಳದಿ ಪದರ, ಕೆಳಗೆ ನೀಲಿ ಛಾಯೆಯ ನೀರು. ಫೋನು ಹೋಗುತ್ತದೆ. “ಹಾಲು ಒಡೆದೋಗೈತೆ ಕಣಮ್ಮ, ಚೆಲ್ಬಿಡ್ಲಾ?” ಸೊಸೆ ಗಾಬರಿಯಾಗುತ್ತಾಳೆ. “ಅಯ್ಯೋ ಬೇಡ ಅತ್ತೆ, ಕೆನೆ ಮೇಲೆ ಬಂದೈತೆ ಅಷ್ಟೇ. ಡಬ್ಬಿನ ಮೆತ್ತಗೆ ಆಡ್ಸಿ, ಬೆರೆಯುತ್ತೆ.”

ಒಡೆದಿಲ್ಲ ಎಂಬುದು ಇತ್ಯರ್ಥವಾದರೆ ಮುಂದಿನ ಅನುಮಾನ ವಾಸನೆಯದು. ಎದೆಹಾಲಿನಲ್ಲಿರುವ ಲೈಪೇಸ್ ಎಂಬ ಕಿಣ್ವ ತಂಪಿನಲ್ಲೂ ಕೊಬ್ಬನ್ನು ಒಡೆಯುತ್ತಿರುತ್ತದೆ. ಹಾಗಾಗಿ ಕೆಲವರ ಹಾಲು ಕರಗಿದಾಗ ಸೋಪಿನ ವಾಸನೆ ಬರುವುದುಂಟು. ಅದು ಕೆಟ್ಟ ಗುರುತಲ್ಲ. ಹುಳಿ ವಾಸನೆ ಬಂದರೆ ಮಾತ್ರ ಚೆಲ್ಲಬೇಕು. ಕೊನೆಯ ಅಭ್ಯಾಸಬಲ, ಒಲೆ. ನೇರ ಉರಿಗಿಟ್ಟರೆ ಸೋಂಕಿನಿಂದ ಕಾಯುವ ಪ್ರತಿಕಾಯಗಳು ಹಾಳಾಗುತ್ತವೆ. ಮೈಕ್ರೊವೇವ್ ಒಂದು ಕಡೆ ಸುಡುವಷ್ಟು ಬಿಸಿ ಮಾಡಿ, ಇನ್ನೊಂದು ಕಡೆ ತಣ್ಣಗೇ ಬಿಡುತ್ತದೆ. ಕೂಸಿನ ಬಾಯಿ ಬೆಂದೀತು. ಬಿಸಿನೀರಿನ ಬೋಗುಣಿಯಲ್ಲಿ ಡಬ್ಬಿಯನ್ನು ಒಂದಿಷ್ಟು ಹೊತ್ತು ನಿಲ್ಲಿಸಿ, ಮಣಿಕಟ್ಟಿನ ಮೇಲೆ ಎರಡು ಹನಿ ಹಾಕಿ ನೋಡಿದರೆ ಸಾಕು. ಉಗುರುಬೆಚ್ಚಗಿದ್ದರೆ ಕುಡಿಸಬಹುದು. ಪೂರ್ತಿ ಕರಗಿದ ಹಾಲಿಗೆ ಫ್ರಿಜ್ಜಿನಲ್ಲಿ 24 ಗಂಟೆ ಗಡುವು. ಅದನ್ನು ಮತ್ತೆ ಫ್ರೀಜರಿಗೆ ಹಾಕುವಂತಿಲ್ಲ. ಮಗು ಕುಡಿದು ಉಳಿಸಿದ್ದನ್ನು 2 ಗಂಟೆಯೊಳಗೆ ಮುಗಿಸಬೇಕು, ಇಲ್ಲವೇ ಚೆಲ್ಲಬೇಕು. ಚೆಲ್ಲಲು ಹೊಟ್ಟೆ ಉರಿಯುತ್ತದೆ, ಆದ್ದರಿಂದಲೇ ಡಬ್ಬಿಗೆ 60ರಿಂದ 100 ಮಿ.ಲೀ. ಮಾತ್ರ ತುಂಬುವುದು ಜಾಣತನ.

ಅಜ್ಜಿಗೆ ಕಲಿಸಬೇಕಿಲ್ಲದ್ದು ಒಂದಿದೆ: ಒಳಲೆ. ಬಾಟಲಿಯ ನಿಪ್ಪಲ್ಲಿನಂತೆ ಮೂಲೆಮೂಲೆ ತಿಕ್ಕುವ ಕಷ್ಟವಿಲ್ಲ, ಕುದಿಯುವ ನೀರಿಗೆ ಹಾಕಿ ತೆಗೆದರಾಯಿತು. ದೇಶದ ನವಜಾತ ಶಿಶು ಘಟಕಗಳಲ್ಲಿ ‘ಪಲಾಡೈ’ ಹೆಸರಿನಲ್ಲಿ ಬಳಕೆಯಲ್ಲಿರುವುದು ಇದೇ ಬಗೆಯ ಪಾತ್ರೆ.

ಕಾಯಿಸಬಾರದು ಎಂದಾದರೆ ಆಸ್ಪತ್ರೆಗಳಲ್ಲಿ ಎದೆಹಾಲನ್ನು ಬಿಸಿ ಮಾಡುತ್ತಾರಲ್ಲ ಎಂಬ ಪ್ರಶ್ನೆ ಬರುತ್ತದೆ. ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ 1989ರಲ್ಲಿ ಏಷ್ಯಾದ ಮೊದಲ ಎದೆಹಾಲು ಬ್ಯಾಂಕ್ ತೆರೆದರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೆ ಅದು ಬಂದದ್ದು 2022ರಲ್ಲಿ. ಅಲ್ಲಿ ಒಬ್ಬ ತಾಯಿಯ ಹಾಲು ಇನ್ನೊಬ್ಬಳ ಕೂಸಿಗೆ ಹೋಗುವುದರಿಂದ 62.5 ಡಿಗ್ರಿಯಲ್ಲಿ 30 ನಿಮಿಷ ಪಾಶ್ಚರೀಕರಿಸುತ್ತಾರೆ. ಸ್ವಂತ ಮಗುವಿಗೆ, ಮನೆಯಲ್ಲೇ ಎತ್ತಿಟ್ಟ ಹಾಲಿಗೆ ಆ ಅಗತ್ಯವಿಲ್ಲ.

ಕೆಲಸದ ಜಾಗದ ಹತ್ತಿರವೇ ಮಗು ಇದ್ದರೆ ಇಷ್ಟೆಲ್ಲ ಪಾಡು ಬೇಡ. 50 ಮತ್ತು ಅದಕ್ಕೂ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎಂದು 2017ರ ತಿದ್ದುಪಡಿಯೇ ಹೇಳಿತು. ಗ್ರಾಮ ಪಂಚಾಯಿತಿಗಳಲ್ಲಿ ನರೇಗಾ ಕೂಲಿಕಾರರ ಮಕ್ಕಳಿಗೆ ‘ಕೂಸಿನ ಮನೆ’ ತೆರೆಯುವುದಾಗಿ ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿತು. ಆದರೆ ಬೆಂಗಳೂರಿನ ಕಚೇರಿಯಲ್ಲಿ ಶಿಶುಪಾಲನಾ ಕೇಂದ್ರ ಇದ್ದರೂ ಐದು ತಿಂಗಳ ಕೂಸನ್ನು ಎತ್ತಿಕೊಂಡು ದಿನವೂ ರೈಲು ಹತ್ತುವವರು ಯಾರು? ಅವರಿಗೆ ಡಬ್ಬಿಯೇ ಗತಿ.

ಆಶಾ ಕಾರ್ಯಕರ್ತೆಯರು ಮಗುವಿನ 3, 6, 9, 12, 15ನೇ ತಿಂಗಳಲ್ಲಿ ಮನೆಗೆ ಭೇಟಿ ಕೊಡುವ ಕಾರ್ಯಕ್ರಮ 2018ರಿಂದ ಇದೆ. ಮೂರನೇ ತಿಂಗಳ ಭೇಟಿ ತಾಯಿ ಕೆಲಸಕ್ಕೆ ಮರಳುವ ಮುಂಚಿನದು. ಆ ದಿನ ಎತ್ತಿಟ್ಟ ಹಾಲಿನ ಮಾತನ್ನೂ ಆಡಬೇಕು, ಆಡುವಾಗ ತಾಯಿಯ ಜೊತೆ ಅಜ್ಜಿಯನ್ನೂ ಕೂರಿಸಿಕೊಳ್ಳಬೇಕು. ಹೆರಿಗೆ ಆಸ್ಪತ್ರೆಗಳು ಡಿಸ್ಚಾರ್ಜ್ ಚೀಟಿಯ ಜೊತೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವಂಥ ಒಂದು ಪುಟವನ್ನು ದಪ್ಪಕ್ಷರದ ಕನ್ನಡದಲ್ಲಿ ಕೊಟ್ಟರೆ ಇನ್ನೂ ಒಳ್ಳೆಯದು.