ಸವಲತ್ತು ಯಾರದು?

'ಪ್ರಿವಿಲೇಜ್' ಎಂದರೇನೆಂದು ನೀವು ವಾದಿಸುತ್ತೀರಿ. ಸವಲತ್ತು ಎಂದೊಡನೆ ನಮಗೆ ಮೀಸಲಾತಿ ನೆನಪಾಗುತ್ತದೆ. ಹುಟ್ಟಿನಿಂದಲೇ ಬಂದ ಅನುಕೂಲಕ್ಕೆ ಹೆಸರೇ ಇಡುವುದಿಲ್ಲ.

1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದಾಗ ಮೈಸೂರಿನ ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರೇ ಹೆಚ್ಚಾಗಿದ್ದರು. ಜಾತಿ ನೋಡಿದರೆ ಅರ್ಹತೆ ಕುಂದೀತೆಂದು ದಿವಾನ್ ವಿಶ್ವೇಶ್ವರಯ್ಯನವರು ಒಪ್ಪಲಿಲ್ಲ. ಆದರೆ ಅರ್ಹತೆ ಬೆಳೆಯಲು ಮೊದಲು ಮನೆಯಲ್ಲಿ ಅಕ್ಷರ ಬೇಕಲ್ಲವೇ?

ಮುಂಬಯಿಯಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿಶಾಲೆಯಲ್ಲಿ ಓದಿದ ಹಿರಿಯರನ್ನು ನೆನೆಯಿರಿ. ಡೊಂಬಿವಲಿ, ಕಲ್ಯಾಣದಲ್ಲಿ ಬೆಳೆದ ನಿಮಗೆ ಟ್ಯೂಷನ್, ಓದುವ ಮೇಜು, ಇಂಗ್ಲಿಷ್ ಬಲ್ಲ ತಾಯಿ ಇದ್ದರೆ ಅದೂ ಸವಲತ್ತೇ. ದುಡಿಮೆ ನಿಮ್ಮದೇ, ಸುಳ್ಳಲ್ಲ. ನೀರಿನ ಗದ್ದೆ ಹಿರಿಯರು ಬಿಟ್ಟದ್ದು. ಸಹಪಾಠಿಯನ್ನು 'ಕೋಟಾದವನು' ಎನ್ನುವ ಮುನ್ನ ಅವನ ಗದ್ದೆಗೆ ನೀರಿತ್ತೇ ಎಂದು ಕೇಳಿಕೊಳ್ಳಿ.