ಚಕ್ರ ನೋಡುವ ದಿಕ್ಕು

ಭಾನುವಾರದ ನಿದ್ದೆಯನ್ನು ಬಿಟ್ಟು ನಾವು ಚೆನ್ನೈ ಹೊರಗಿನ ಒಂದು ಕಾಲೇಜಿನ ಬಯಲಿಗೆ ಹೋದದ್ದು ಅಕ್ಕನ ಮಗನ ಮಾತಿಗೆ ಕಟ್ಟುಬಿದ್ದು. "ಮಾವ, ಅಳತೆ ಬರೆದುಕೊಳ್ಳಲು ಒಬ್ಬರು ಬೇಕು" ಎಂದಿದ್ದ. 12 ವರ್ಷ ಕಛೇರಿಯಲ್ಲಿ ಬರೆದ ಕೈ; ಒಪ್ಪಿಕೊಂಡೆವು.

ಅಲ್ಲಿದ್ದದ್ದು ಹುಡುಗರೇ ಕಟ್ಟಿದ, ಒಬ್ಬನೇ ಕೂರುವ ಪುಟ್ಟ ರೇಸು ಕಾರು. ವಿದ್ಯಾರ್ಥಿಗಳ ಸ್ಪರ್ಧೆಯಲ್ಲಿ ಅದು ಎಂಟರ ಆಕಾರದಲ್ಲಿ ಸುತ್ತಬೇಕು. ಒಳವೃತ್ತದ ವ್ಯಾಸ 15.25 ಮೀಟರು, ದಾರಿಯ ಅಗಲ ಮೂರೇ ಮೀಟರು. ಸ್ಪರ್ಧೆಗೆ ಹತ್ತು ದಿನ ಉಳಿದಿತ್ತು. ಕಾರೋ, ತಿರುವಿನಲ್ಲಿ ಮೂತಿಯನ್ನು ಹೊರಕ್ಕೇ ಜಾರಿಸುತ್ತಿತ್ತು; ನೇರ ದಾರಿಯಲ್ಲಿ ಸಣ್ಣ ದಿಣ್ಣೆ ಸಿಕ್ಕರೂ ಓಲಾಡುತ್ತಿತ್ತು.

ತಿರುವಿನಲ್ಲಿ ಒಳಗಿನ ಚಕ್ರ ಸಣ್ಣ ವೃತ್ತದಲ್ಲಿ ಉರುಳುವುದರಿಂದ ಹೊರಗಿನದಕ್ಕಿಂತ ಹೆಚ್ಚು ತಿರುಗಬೇಕು. ಕುದುರೆಗಾಡಿಯ ಕಾಲದಲ್ಲಿ ಈ ಉಪಾಯ ಹೂಡಿದವನು ಮ್ಯೂನಿಕ್ಕಿನ ಲಾಂಕೆನ್‌ಸ್ಪರ್ಗರ್. 1818ರಲ್ಲಿ ಇಂಗ್ಲೆಂಡಿನಲ್ಲಿ ಅವನ ಪರವಾಗಿ ಪೇಟೆಂಟು ಪಡೆದ ಆಕರ್ಮನ್ನನ ಹೆಸರೇ ಅದಕ್ಕೆ ನಿಂತಿತು. ಕಡತ ಒಬ್ಬರದು, ಸಹಿ ಇನ್ನೊಬ್ಬರದು, ನಮಗೇನೂ ಹೊಸದಲ್ಲ! ಆದರೆ ರೇಸಿನ ವೇಗದಲ್ಲಿ ಟೈರು ಅಷ್ಟಿಷ್ಟು ಜಾರಿಕೊಂಡೇ ತಿರುಗುವುದರಿಂದ ಕಾಗದದ ಲೆಕ್ಕ ಸಾಲದು, ಓಡಿಸಿ ನೋಡಬೇಕು.

ಕಾರಿನ ಎರಡು ಪಕ್ಕಕ್ಕೂ ಸಮಾನಾಂತರವಾಗಿ ದಾರ ಬಿಗಿದರು. ದಾರದಿಂದ ಚಕ್ರದ ಮುಂದಂಚಿಗೂ ಹಿಂದಂಚಿಗೂ ಅಳೆದರೆ ಅದು ಯಾವ ಕಡೆ ನೋಡುತ್ತಿದೆಯೆಂಬುದು ತಿಳಿಯುತ್ತದೆ. ಚಕ್ರ ಸಲೀಸಾಗಿ ತಿರುಗಲೆಂದು ಟೈರಿನಡಿ ಎರಡು ತಗಡು, ನಡುವೆ ಗ್ರೀಸು. ಚಾಲಕನ ತೂಕಕ್ಕೆ ನಮ್ಮನ್ನೇ ಕೂರಿಸಿದರು; ಮೇಲೆಬ್ಬಿಸಲು ಇಬ್ಬರು ಎಳೆಯಬೇಕಾಯಿತು.

ಮೊದಲು ಟೈ ರಾಡನ್ನು ತಿರುಚಿ ಮುಂಚಕ್ರಗಳನ್ನು ಕೊಂಚ ಹೊರಮುಖ ಮಾಡಿದರು. ಮೂತಿ ಚುರುಕಾಯಿತು, ಓಲಾಟ ಹೆಚ್ಚಿತು. ಒಬ್ಬ ಹುಡುಗ ಟೈರಿನ ಗಾಳಿಯನ್ನೂ ಬದಲಿಸಹೊರಟ. "ಎರಡನ್ನೂ ಮುಟ್ಟಿದರೆ ಯಾವುದರಿಂದ ಏನಾಯಿತೆಂದು ಮಾವ ಬರೆಯುವುದು ಹೇಗೆ?" ಎಂದು ನಮ್ಮವನು ತಡೆದ. ಜಗಳವೇ ಆಯಿತು. ಕೊನೆಗೆ ಸ್ಪ್ರಿಂಗು ಕಳಚಿ, ಜ್ಯಾಕಿನಿಂದ ಚಕ್ರವನ್ನು ಐದೈದು ಮಿಲಿಮೀಟರು ಎತ್ತುತ್ತ ಅಳೆದರು. ಏರಿದಂತೆಲ್ಲ ಚಕ್ರ ತಾನಾಗಿ ಹೊರಕ್ಕೆ ತಿರುಗುತ್ತಿತ್ತು! ಟೈ ರಾಡೂ ಚಕ್ರ ಹಿಡಿದ ತೋಳುಗಳೂ ಬೇರೆ ಬೇರೆ ಕಮಾನಿನಲ್ಲಿ ತೂಗುತ್ತಿದ್ದುದೇ ಕಾರಣ. ಸ್ಟಿಯರಿಂಗಿನ ರ‍್ಯಾಕಿನಡಿ 3 ಮಿಲಿಮೀಟರು ಬಿಲ್ಲೆಗಳನ್ನಿಟ್ಟು ಎತ್ತರಿಸಿದ ಮೇಲೆ ಆ ಚಾಳಿ ಬಹುಮಟ್ಟಿಗೆ ನಿಂತಿತು.

ಕತ್ತಲಾಗುವ ಮುನ್ನ ಒಂದೇ ಓಟಕ್ಕೆ ಬೆಳಕಿತ್ತು. ಕಾರು ದಿಣ್ಣೆ ದಾಟಿ ನೆಟ್ಟಗೆ ಬಂತು. ವೃತ್ತದಲ್ಲಿ ಮೂತಿ ಇನ್ನೂ ತುಸು ಜಾರುತ್ತಿತ್ತು, ಆದರೆ ಬೆಳಿಗ್ಗೆ 6.1 ಸೆಕೆಂಡು ಹಿಡಿದ ಸುತ್ತು 5.8ಕ್ಕೆ ಮುಗಿಯಿತು. ಅಕ್ಕನ ಮಗ ಪುಸ್ತಕಕ್ಕೆ ಕೈಚಾಚಿದ. ಅಭ್ಯಾಸಬಲದಿಂದ ತಾರೀಖು ಹಾಕಿ, ರುಜು ಮಾಡಿಯೇ ಕೊಟ್ಟೆವು.