ಹುಟ್ಟಿನಿಂದಲೇ ಕೆಟ್ಟವರುಂಟೇ?

ಟೋಲ್ಕಿನ್‌ರವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (1954-55) ಕಾದಂಬರಿಯಲ್ಲಿ ಓರ್ಕ್ ಎಂಬ ವಿಕಾರರೂಪಿ ಶತ್ರುಕುಲವೊಂದಿದೆ. ರಣರಂಗದಲ್ಲಿ ಅವರು ಸಾಲುಸಾಲಾಗಿ ಸತ್ತರೂ ಓದುಗರಾದ ನಮಗೆ ಮರುಕ ಹುಟ್ಟದು. ಆದರೆ ಹುಟ್ಟಿನಿಂದಲೇ ಕೆಟ್ಟವರು ನಿಜವಾದ ಖಳರೇ? ಆಯ್ಕೆಯ ಸ್ವಾತಂತ್ರ್ಯವಿಲ್ಲದ ಕಡೆ ಪಾಪವೂ ಇಲ್ಲವಷ್ಟೆ. ಕೆಡುಕು ಏನನ್ನೂ ಸೃಷ್ಟಿಸಲಾರದು, ಇದ್ದುದನ್ನು ಕೆಡಿಸಬಲ್ಲದು ಮಾತ್ರ ಎಂದು ನಂಬಿದ್ದ ಕಥೋಲಿಕ ಟೋಲ್ಕಿನ್‌ರಿಗೆ ಓರ್ಕ್‌ಗಳ ಮೂಲವು ಕೊನೆಯವರೆಗೂ ಒಗಟಾಗಿಯೇ ಉಳಿಯಿತು.

ಅದೇ ಕೃತಿಯ ಗೊಲ್ಲಮ್ ನಮ್ಮನ್ನು ಕಾಡುವ ಬಗೆ ಬೇರೆ. ಉಂಗುರದ ಆಸೆಗೆ ಗೆಳೆಯನನ್ನೇ ಕೊಂದ ಅವನು ಒಮ್ಮೆ ಪಶ್ಚಾತ್ತಾಪದ ಹೊಸ್ತಿಲವರೆಗೆ ಬರುತ್ತಾನೆ. ಸಹಪಯಣಿಗ ಸ್ಯಾಮ್‌ನ ಬಿರುನುಡಿಯೊಂದಕ್ಕೆ ಹಿಂದೆ ಸರಿಯುತ್ತಾನೆ. ಮರಳಬಹುದಾಗಿದ್ದವನು ಮರಳದೆ ಹೋದಾಗಲೇ ಕೆಡುಕಿನ ಭಾರ ನಮಗೆ ತಿಳಿಯುವುದು. ಕುಲವೊಂದನ್ನೇ ಕೆಟ್ಟದ್ದೆನ್ನುವುದು ಕಥೆಯಲ್ಲಿ ಸುಲಭ. ನೆರೆಯವರ ಕುರಿತು ಹಾಗೆ ನುಡಿಯುವ ಮುನ್ನ ಸ್ಯಾಮ್‌ನ ಆ ಮಾತನ್ನು ನೆನೆಯೋಣ.